ವೆಜ್ಜಾ, ನಾನ್‌ವೆಜ್ಜಾ?

ಭಾನುವಾರ ಮಧ್ಯಾಹ್ನ ಗ್ರೇಟರ್ ನೋಯ್ಡಾದ ನಮ್ಮ ಹದಿನಾಲ್ಕನೇ ಮಹಡಿಯ ಮನೆಯಲ್ಲಿ ಮುದ್ದೆ ಕಟ್ಟಿ, ಬಸ್ಸಾರು ಬಡಿಸಿಕೊಂಡು ಟಿವಿ ಮುಂದೆ ಕೂರುತ್ತೇವೆ. ರಾಗಿಹಿಟ್ಟು ಊರಿಂದ ಬಂದದ್ದು. ನೋಡುವುದು ಮಾತ್ರ ಲೋಕದವರ ಊಟ. 'ಸ್ಟ್ರೀಟ್ ಫುಡ್' (2019) ಸರಣಿಯಲ್ಲಿ ಬ್ಯಾಂಕಾಕಿನ ಜೇ ಫೈ ದಪ್ಪ ಗಾಗಲ್ಸ್ ಹಾಕಿಕೊಂಡು ಇದ್ದಿಲೊಲೆಯ ಮುಂದೆ ನಿಂತು ಏಡಿ ಆಮ್ಲೆಟ್ ಮಾಡುವುದನ್ನು ಎಷ್ಟು ಸಲ ನೋಡಿದ್ದೇವೋ! ಅದೇ ಸರಣಿಯಲ್ಲಿ ದೆಹಲಿಯದೂ ಒಂದು ಕಂತಿದೆ. ನಮ್ಮಿಂದ ಮೆಟ್ರೋ ಹತ್ತಿದರೆ ಸಿಗುವ ದೆಹಲಿ.

ಇಂಥ ಸರಣಿಗಳನ್ನು ಹೀಗಳೆಯುವವರ ಪೈಕಿ ನಾನಲ್ಲ. ಬೀದಿಯಲ್ಲಿ ಒಲೆ ಹಚ್ಚುವವರ ಸಾಲ, ಸಂಸಾರ, ಹಠ ಎಲ್ಲವನ್ನೂ ತೋರಿಸುತ್ತಾರೆ. ನನ್ನ ತಕರಾರು ಬೇರೆ. ಅಲ್ಲಿ ಹೇಗೆ ಬೇಯಿಸುತ್ತಾರೆ ಎಂಬುದಕ್ಕೆ ಅರ್ಧ ಗಂಟೆ ಕೊಡುತ್ತಾರೆ, ಯಾರು ಏನು ತಿನ್ನಬಹುದು ಎಂಬ ಪ್ರಶ್ನೆಗೆ ಅರ್ಧ ನಿಮಿಷವೂ ಇಲ್ಲ. ನಮ್ಮ ದೇಶದ ಆಹಾರ ಸಂಸ್ಕೃತಿಯಲ್ಲಿ ಮೊದಲು ಬರುವುದೇ ಆ ಪ್ರಶ್ನೆ.

ನಾವಿಲ್ಲಿಗೆ ಬಂದಾಗ ಬಾಡಿಗೆ ಮನೆ ತೋರಿಸಿದ ದಲ್ಲಾಳಿ ಸಂಬಳ ಎಷ್ಟು ಎನ್ನುವ ಮೊದಲೇ ಕೇಳಿದ, "ವೆಜ್ ಯಾ ನಾನ್‌ವೆಜ್?" ನಾನು ಮಂಡ್ಯ ಕಡೆಯವನು. "ವೆಜ್" ಅಂದುಬಿಟ್ಟೆ. ಮೊದಲ ವಾರವೇ ಕೋಳಿಸಾರು ಮಾಡಿದೆವು, ಕಿಟಕಿ ಮುಚ್ಚಿಕೊಂಡು, ಎಕ್ಸಾಸ್ಟ್ ಫ್ಯಾನ್ ಹಾಕದೆ. ಬೆವರು ಸುರಿಸಿಕೊಂಡು ಉಂಡ ಆ ಊಟದ ರುಚಿ ಈಗಲೂ ನೆನಪಿಗೆ ಬರುವುದಿಲ್ಲ.

ನನ್ನದು ಸಣ್ಣ ಸುಳ್ಳು, ಸಣ್ಣ ಸೆಕೆ. ಇದೇ ಗೌತಮ ಬುದ್ಧ ನಗರ ಜಿಲ್ಲೆಯಲ್ಲಿ, ದಾದ್ರಿ ಬಳಿಯ ಬಿಸಾಹಡಾ ಎಂಬ ಹಳ್ಳಿಯಿದೆ. 2015ರ ಸೆಪ್ಟೆಂಬರ್ 28ರ ರಾತ್ರಿ, ಗೋಮಾಂಸ ಇಟ್ಟಿದ್ದಾರೆ ಎಂಬ ವದಂತಿ ಹಬ್ಬಿ, ಗುಂಪೊಂದು ಮೊಹಮ್ಮದ್ ಅಖ್ಲಾಕ್ ಅವರನ್ನು ಹೊಡೆದು ಕೊಂದಿತು. ಮಗನಿಗೂ ತೀವ್ರ ಗಾಯವಾಯಿತು. ಮಾಂಸದ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಮನುಷ್ಯ ಸತ್ತದ್ದಕ್ಕಿಂತ ಮಾಂಸ ಯಾವುದರದು ಎನ್ನುವುದೇ ದೊಡ್ಡ ಚರ್ಚೆಯಾಯಿತು. ಜಿಲ್ಲೆಗೆ ಬುದ್ಧನ ಹೆಸರಿಟ್ಟವರು ಇದನ್ನೆಲ್ಲ ಊಹಿಸಿರಲಾರರು.

ಉತ್ತರದವರೇ ಹಾಗೆ ಎಂದು ಸಮಾಧಾನ ಪಟ್ಟುಕೊಳ್ಳುವಂತೆಯೂ ಇಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿನ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿಗೇ ಮಾಂಸಾಹಾರವನ್ನೂ ಸೇರಿಸಿದ್ದರು. ಬಾಡೂಟವೆಂದರೆ ಹಬ್ಬ ಎನ್ನುವ ನೆಲದಲ್ಲಿ! ಬಾಡೂಟ ಬೇಕೆಂದು ಜನ ಪ್ರತಿಭಟಿಸಬೇಕಾಯಿತು. ನಾನು ದಲ್ಲಾಳಿಯ ಮುಂದೆ ನುಂಗಿಕೊಂಡ ಮಾತನ್ನು ಅವರು ಬೀದಿಯಲ್ಲಿ ನಿಂತು ಹೇಳಿದರು. ಓದಿ ಹೆಮ್ಮೆಯಾಯಿತು, ಸ್ವಲ್ಪ ನಾಚಿಕೆಯೂ.

ಈ ಗಲಾಟೆ ಒಂದು ಒಳ್ಳೆಯ ಕಂತಾಗುತ್ತದೆ. ಸ್ಲೋಮೋಷನ್ನಿನ ಒಗ್ಗರಣೆ ಇಲ್ಲದಿದ್ದರೂ ನಡೆದೀತು. ಬಾಡಿಗೆ ಕೇಳಲು ಹೋದವನ ಹಿಂದೆ ಕ್ಯಾಮೆರಾ ಬಂದರೆ ಇನ್ನೂ ಒಳ್ಳೆಯದು.

ಮೊನ್ನೆ ಲಿಫ್ಟಿನಿಂದ ಇಳಿದಾಗ ಎದುರು ಮನೆಯಿಂದ ಸಾಸಿವೆ ಎಣ್ಣೆಯಲ್ಲಿ ಮೀನು ಹುರಿಯುವ ವಾಸನೆ ಬಂತು. ಬಂಗಾಳದವರು, ಬಂದು ತಿಂಗಳಾಗಿದೆ. ಸಂಜೆ ಬಾಲ್ಕನಿಯಿಂದ ನೋಡಿದೆ. ಅವರ ಅಡುಗೆಮನೆಯ ಕಿಟಕಿಯೂ ಮುಚ್ಚಿತ್ತು.