ಮೊದಲು ಕೇಳಿಸ್ಕೊಳ್ಳೋಣ

ಕಳೆದ ಸೆಪ್ಟೆಂಬರ್ 17ಕ್ಕೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಕಾಕಾ ಒಂದು ಫಾರ್ವರ್ಡ್ ಹಾಕಿದ್ರು. ರಜಾಕಾರರ ಹಾವಳಿಯ ಕಥೆ. ಕೊನೆಗೆ ಒಂದು ಸಾಲು: 'ಇವರು ಯಾವತ್ತಿದ್ರೂ ಹಿಂಗ.' ಬೆಂಗಳೂರಿನ ಆಫೀಸಿನಲ್ಲಿ ಕೂತು ಓದಿದೆ, ಏನೂ ಬರೀದೇ ಫೋನ್ ಕೆಳಗಿಟ್ಟೆ. ದೋರನಹಳ್ಳಿಯಲ್ಲಿ ನಮ್ಮ ಹಿತ್ತಲಿಗೆ ಹತ್ತಿಕೊಂಡಿರೋದೇ 'ಇವರ' ಮನೆ. ಮೊಹರಂ ಬಂದ್ರೆ ನಮ್ಮ ಮನೆಯವರೂ ಸಕ್ಕರೆ ಓದಿಸ್ಕೊಂಡು ಬರ್ತಾರೆ.

ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು: "ರಜಾಕಾರರು ಬರ್ತಾರಂತ ಸಜ್ಜಿ ಹೊಲದಾಗ ರಾತ್ರಿ ಕಳದೀವಪ್ಪ. ಆಮ್ಯಾಲ ಮಿಲಿಟ್ರಿ ಬಂತು. ಆವಾಗ ಹಿತ್ತಲ ಮನಿಯವರು ಹೆದರಿ ನಮ್ಮ ಹಗೇವಿನಾಗ ಇಳಿದು ಕುಂತ್ರು. ನಮ್ಮಪ್ಪ ಮ್ಯಾಲ ಕಲ್ಲು ಮುಚ್ಚಿ ಅಲ್ಲೇ ಹಾಸ್ಕೊಂಡು ಮಲಗಿದ."

ಫಾರ್ವರ್ಡ್‌ನಲ್ಲಿ ಈ ಅರ್ಧ ಕಥೆ ಇರಲಿಲ್ಲ.

ಆಗ ಯಾದಗಿರಿ ಜಿಲ್ಲೆ ಇರಲಿಲ್ಲ. ನಮ್ಮೂರು ಹೈದರಾಬಾದ್ ಸಂಸ್ಥಾನದ ಕಲಬುರಗಿ ಜಿಲ್ಲೆಯಲ್ಲಿತ್ತು. ರಜಾಕಾರರ ದೌರ್ಜನ್ಯ ಎಷ್ಟು ನಿಜವೋ, 1948ರ ಸೆಪ್ಟೆಂಬರ್ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ನಡೆದ ಸೇಡೂ ಅಷ್ಟೇ ನಿಜ. ಪಂಡಿತ್ ಸುಂದರಲಾಲ್ ಅವರ ತಂಡ ಓಡಾಡಿ ನೋಡಿ, 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಅಂದಾಜು ಮಾಡಿತು. ತುಂಬಾ ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ. ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಹೊರಡಿಸಿದ್ದೂ ಅದೇ ವರ್ಷದ ಡಿಸೆಂಬರ್ 10ರಂದು!

ಮರುವರ್ಷ, 1949ರಲ್ಲಿ, ಗಾಯ ಇನ್ನೂ ಹಸಿ ಇರುವಾಗಲೇ ಕಲಬುರಗಿಯಲ್ಲಿ 32ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಅಧ್ಯಕ್ಷರು ಯಾರು ಗೊತ್ತಾ? ಒಬ್ಬ ಪಾದ್ರಿ. ರೆವರೆಂಡ್ ಉತ್ತಂಗಿ ಚನ್ನಪ್ಪ.

1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್‌ನಲ್ಲಿ ಪಾದ್ರಿಯಾದವರು. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಸರ್ವಜ್ಞನ ವಚನಗಳನ್ನ ಹಸ್ತಪ್ರತಿಗಳಿಂದ, ಜನರ ಬಾಯಿಂದ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದ್ದು ಇವರೇ. ಮೋಳಿಗೆ ಮಾರಯ್ಯ, ಸಿದ್ಧರಾಮರ ಸಾಹಿತ್ಯದ ಮೇಲೂ ದುಡಿದರು. ಬಸವಣ್ಣನವರ ಅನುಭವ ಮಂಟಪ ನಿಜಕ್ಕೂ ಇತ್ತೇ ಅಂತ ಕೆಲವರು ಅನುಮಾನ ಎತ್ತಿದಾಗ, ಇತ್ತು ಅಂತ ಆಧಾರ ಕೊಟ್ಟು 'ಅನುಭವ ಮಂಟಪದ ಐತಿಹಾಸಿಕತೆ' ಬರೆದರು. ಯೋಚಿಸಿ: ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಮಾತಾಡಿದ ಜಾಗದ ಪರವಾಗಿ ವಾದಿಸೋಕೆ ಒಬ್ಬ ಕ್ರೈಸ್ತ ಪಾದ್ರಿ ನಿಂತರು.

ಅವರನ್ನ ಯಾರೂ ಮಾನವ ಹಕ್ಕು ಹೋರಾಟಗಾರ ಅಂತ ಕರೆಯಲಿಲ್ಲ. ಆದರೆ ತನ್ನ ನಂಬಿಕೆ ಬಿಡದೆ, ಪಕ್ಕದ ಮನೆಯವರ ಮಾತನ್ನ ವರ್ಷಗಟ್ಟಲೆ ಕೂತು ಕೇಳಿ, ತಪ್ಪಿಲ್ಲದೆ ಬರೆದಿಡೋದು ಸಾಮರಸ್ಯದ ಕೆಲಸವೇ ಅಂತ ನನಗನಿಸುತ್ತೆ. ಎಷ್ಟೋ ವರ್ಷದ ನಂತರ, 1996ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಇನ್ನೊಬ್ಬ ಧರ್ಮಗುರು ಡೆಸ್ಮಂಡ್ ಟುಟು ಸತ್ಯ ಮತ್ತು ಸಾಮರಸ್ಯ ಆಯೋಗದ ಅಧ್ಯಕ್ಷರಾಗಿ ಕೂತರು. ಅಲ್ಲೂ ಮುಖ್ಯ ಕೆಲಸ ಕೇಳಿಸಿಕೊಳ್ಳೋದೇ ಆಗಿತ್ತು. ನೊಂದವರು ಎಲ್ಲರೆದುರು ತಮ್ಮ ಕಥೆ ಹೇಳಿದರು, ತಪ್ಪು ಮಾಡಿದವರೂ ಬಂದು ಒಪ್ಪಿಕೊಂಡರು.

ನಮ್ಮ ಭಾಗದಲ್ಲಿ 1948ರ ಬಗ್ಗೆ ಅಂಥ ಆಯೋಗ ಕೂರಲಿಲ್ಲ. ನಮಗೆ ಉಳಿದಿರೋದು ಅಜ್ಜ ಅಜ್ಜಿಯರು. ಅವರೂ ಒಬ್ಬೊಬ್ಬರಾಗಿ ಹೋಗ್ತಿದ್ದಾರೆ.

ಅವತ್ತು ಅಜ್ಜಿಯ ಮಾತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ, ಅವಳನ್ನ ಕೇಳಿಯೇ ಗ್ರೂಪಿಗೆ ಹಾಕಿದೆ. ಸಜ್ಜಿ ಹೊಲದ ಕಥೆ, ಹಗೇವಿನ ಕಥೆ, ಎರಡೂ. ಕಾಕಾ ಜೊತೆ ವಾದಕ್ಕೆ ಇಳೀಲಿಲ್ಲ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮರುದಿನ ಬೆಳಿಗ್ಗೆ ಕಾಕಾ ಒಂದೇ ಸಾಲು ಬರೆದಿದ್ರು: "ಅವ್ವ ಇದನ್ನ ನಮಗ ಯಾವತ್ತೂ ಹೇಳಿದ್ದಿಲ್ಲ."

ಬಹುಶಃ ನಾವ್ಯಾರೂ ಕೇಳಿರಲಿಲ್ಲ. ಈ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರನ್ನ ಒಮ್ಮೆ ಕೇಳಿ ನೋಡ್ತೀರಾ?