ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದೇ?

2010ರ ಫೆಬ್ರವರಿ 23. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜೀವಗಳು ಹೋದವು. ಉರಿಗಿಂತ ಹೊಗೆಯೇ ಯಮನಾಯಿತು. ವಿದ್ಯುತ್ ಕೇಬಲ್ಲಿನ ಡಕ್ಟೇ ಹೊಗೆಗೆ ಚಿಮಣಿಯಾಯಿತು.

ಅದು ಕಚೇರಿಗಳ ಕಟ್ಟಡ. ನಾವು ಹೆಂಡತಿ ಮಕ್ಕಳೊಂದಿಗೆ ಮಲಗುವ ಫ್ಲಾಟುಗಳ ಗತಿಯೇನು? ಎಷ್ಟೋ ಕಡೆ ಎಲ್ಲ ಮನೆಗಳ ಮೀಟರೂ ಮೆಟ್ಟಿಲ ಬುಡದ ಪ್ಲೈವುಡ್ ಗೂಡಿನಲ್ಲಿ. ಅದರೊಳಗೇ ಹಳೇ ಪೇಪರು, ಪೊರಕೆ, ಉಳಿದ ಪೇಂಟಿನ ಡಬ್ಬಿ! ಒಂದು ಸ್ಕ್ರೂ ಸಡಿಲವಾದರೆ ತಂತಿ ಕಾಯುತ್ತದೆ, ಹೊದಿಕೆ ಕರಗುತ್ತದೆ, ಕಿಡಿ ಹಾರುತ್ತದೆ. ಇಳಿದು ಓಡಬೇಕಾದ ಒಂದೇ ದಾರಿಯಲ್ಲಿ ಬೆಂಕಿ! ಕಾಗದದ ನಡುವೆ ಬದುಕುವ ಮುದ್ರಕರಿಗೆ ಗೊತ್ತು, ಒಂದು ಕಿಡಿಯ ಬೆಲೆ.

ನಿಯಮವಿಲ್ಲವೇ? ಇದೆ. ಡಕ್ಟನ್ನು ಪ್ರತಿ ಅಂತಸ್ತಿನಲ್ಲೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆದರೆ ಬಿಲ್ಡರ್ ಫ್ಲಾಟು ಮಾರಿ ಹೋದ, ತೂತು ಹಾಗೇ ಉಳಿಯಿತು.

ಬಂಧುಗಳೇ, ಈ ಭಾನುವಾರವೇ ನಿವಾಸಿಗಳ ಸಭೆ ಕರೆಯಿರಿ. ಗೂಡು ಖಾಲಿ ಮಾಡಿಸಿ. ಪ್ಲೈವುಡ್ ಕಿತ್ತು ಬೆಂಕಿ ತಡೆಯುವ ಬಾಗಿಲು ಹಾಕಿಸಿ. ಕೇಬಲ್ ತೂತುಗಳಿಗೆ ಥರ್ಮೋಕೋಲ್ ತುರುಕಬೇಡಿ, ಬೆಂಕಿ ತಡೆಯುವ ಸೀಲಂಟ್ ತುಂಬಿಸಿ. ಮೀಟರಿನ ಸೀಲು ಮುಟ್ಟಬೇಡಿ. ಬೆಸ್ಕಾಂಗೆ ತಿಳಿಸಿ, ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ. ಹತ್ತಿರವೇ ಒಣಪುಡಿಯ ಅಗ್ನಿಶಾಮಕ ಸಿಲಿಂಡರ್ ಇರಲಿ, ನೀರೆರಚಬೇಡಿ. ಮೇನ್ ಸ್ವಿಚ್ ಆರಿಸುವ ಕ್ರಮ ದಪ್ಪಕ್ಷರದ ಕನ್ನಡದಲ್ಲಿರಲಿ. ಹೊಗೆಯಲ್ಲಿ ನಿಂತು ಇಂಗ್ಲಿಷ್ ಓದುವವರು ಯಾರು?

ಖರ್ಚೆಂದು ಗೊಣಗುವವರಿಗೆ ಒಂದೇ ಪ್ರಶ್ನೆ: ಲಾಬಿಯ ಗ್ರಾನೈಟ್‌ಗೆ ಇದ್ದ ದುಡ್ಡು ಮಕ್ಕಳ ಜೀವಕ್ಕೆ ಇಲ್ಲವೇ?