ಮಣ್ಣಾಡುವ ಕೈಗೆ ಜಾಗ ಇಲ್ಲವೇ?

‘ಜಾಗ ಇಲ್ಲ’ ಎಂಬ ಮಾತನ್ನು ಹೆಣ್ಣುಮಕ್ಕಳು ಕೇಳಿದಷ್ಟು ಬೇರೆ ಯಾರೂ ಕೇಳಿರಲಿಕ್ಕಿಲ್ಲ. ತವರಿನ ಆಸ್ತಿಯಲ್ಲಿ ಜಾಗ ಇಲ್ಲ, ಊರ ಕಟ್ಟೆಯ ಮೇಲೆ ಜಾಗ ಇಲ್ಲ, ಸಭೆಯ ಮುಂದಿನ ಸಾಲಿನಲ್ಲಿ ಜಾಗ ಇಲ್ಲ. ಅರವತ್ತು ತುಂಬಿ, ನೌಕರಿ ಮುಗಿಸಿ, ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೂ ಆ ಮಾತು ನಮ್ಮ ಬೆನ್ನು ಬಿಡುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ದೊಡ್ಡ ನಗರಗಳಲ್ಲಿರುವಂತೆ ನಿವೃತ್ತರಿಗೆಂದೇ ಕಟ್ಟಿದ ಬಡಾವಣೆಗಳಿಲ್ಲ. ಇಲ್ಲಿ ನಿವೃತ್ತರು ಕೂಡುವ ಜಾಗವೆಂದರೆ ಹೆಚ್ಚೆಂದರೆ ಸಂಘದ ಒಂದು ಕೋಣೆ. ನಮ್ಮ ಭಾಗದ ಅಂಥ ಒಂದು ಸಂಘಕ್ಕೆ ಎಂಟು ಜನ ಹೆಣ್ಣುಮಕ್ಕಳು ಹೋಗಿ, ವಾರದಲ್ಲಿ ಎರಡು ಮಧ್ಯಾಹ್ನ ಮಣ್ಣಿನ ಕೆಲಸ ಮಾಡಲು ಒಂದು ಮೂಲೆ ಕೇಳಿದರು. ಅವರಲ್ಲಿ ಶಿಕ್ಷಕಿಯರಿದ್ದರು, ನರ್ಸ್ ಆಗಿ ದುಡಿದವರಿದ್ದರು, ಕಚೇರಿಯಲ್ಲಿ ಗುಮಾಸ್ತರಾಗಿದ್ದವರಿದ್ದರು. ಎಲ್ಲರೂ ಸಂಘಕ್ಕೆ ವರ್ಗಣಿ ಕೊಟ್ಟವರೇ. ಇನ್ನು ಕೆಲವೇ ವರ್ಷಗಳಲ್ಲಿ ಅವರ ಸಾಲಿಗೆ ಸೇರಬೇಕಾದವಳೆಂದು ನಾನೂ ಜೊತೆಗೆ ಹೋಗಿದ್ದೆ. ಬಂದ ಉತ್ತರ ಇದು: “ಅಕ್ಕೋರ, ಜಾಗಾ ಎಲ್ಲೈತ್ರಿ? ನೆಲಾ ಎಲ್ಲಾ ರಾಡಿ ಆಗ್ತದ. ಈ ವಯಸ್ಸಿನಾಗ ಮಣ್ಣಾಗ ಆಡೂದ್ ಯಾಕ್ರಿ? ಭಜನಿ ಮಾಡ್ರಿ, ಯಾರ್ ಬ್ಯಾಡ ಅಂತಾರ?”

ಹಾಗೆ ಹೇಳುವಾಗ ಅದೇ ಕೋಣೆಯಲ್ಲಿ ಎರಡು ಮೇಜುಗಳ ಸುತ್ತ ಇಸ್ಪೀಟು ನಡೆದಿತ್ತು. ಒಂದು ಮೂಲೆಯಲ್ಲಿ ಕೇರಂ ಇತ್ತು. ಇನ್ನೊಂದು ಮೂಲೆಯಲ್ಲಿ ಮುರುಕು ಕುರ್ಚಿಗಳ ರಾಶಿ ಇತ್ತು. ಮುರುಕು ಕುರ್ಚಿಗೆ ಜಾಗ ಇತ್ತು. ಎಂಟು ಜನ ಹೆಣ್ಣುಮಕ್ಕಳಿಗೆ ಇರಲಿಲ್ಲ.

ಜಾಗದ ಲೆಕ್ಕವನ್ನೇ ಹಾಕೋಣ. ಮಣ್ಣಿನ ಕೆಲಸವೆಂದರೆ ತಿಗರಿ, ಅಂಗಳ, ಆವಿಗೆ ಎಲ್ಲವೂ ಬೇಕೆಂದು ಜನ ತಿಳಿದಿದ್ದಾರೆ. ಕೈಯಿಂದ ತಟ್ಟಿ, ಹೊಸೆದು, ಸುರುಳಿ ಸುತ್ತಿ ಮಾಡುವ ಕೆಲಸಕ್ಕೆ ತಿಗರಿಯೇ ಬೇಡ. ಒಬ್ಬೊಬ್ಬರಿಗೆ ಒಂದು ಮಣೆ, ನಡುವೆ ಒಂದು ಬಕೆಟ್ ನೀರು, ಹದ ಮಾಡಿದ ಮಣ್ಣು ಒಣಗದಂತೆ ಸುತ್ತಿಡಲು ಒಂದು ಹಸಿ ಗೋಣಿಚೀಲ. ನೆಲ ರಾಡಿಯಾಗದಂತೆ ಹಾಸಲು ಒಂದು ತಾಡಪತ್ರಿ. ಮಾಡಿದ್ದನ್ನು ನೆರಳಲ್ಲಿ ಒಣಗಿಸಲು ಗೋಡೆಗೆ ಎರಡು ಹಲಗೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ ಎಂಟು ಜನಕ್ಕೆ ಸಾಕು. ನಮ್ಮ ಅಡಿಗೆಮನೆಗಳಲ್ಲಿ ಇದಕ್ಕಿಂತ ಇಕ್ಕಟ್ಟಿನಲ್ಲಿ ಹಬ್ಬದ ಹೋಳಿಗೆ ಮಾಡಿ ನೂರು ಜನಕ್ಕೆ ಬಡಿಸಿದವರು ನಾವು. ಜಾಗ ಹೊಂದಿಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

‘ಈ ವಯಸ್ಸಿನಲ್ಲಿ ಮಣ್ಣಾಟ ಯಾಕೆ’ ಎನ್ನುವವರು ನಮ್ಮ ಪಂಚಾಂಗವನ್ನು ನೋಡಲಿ. ಕಾರಹುಣ್ಣಿಮೆ ಮುಗಿದು ಅಮಾವಾಸ್ಯೆ ಬಂತೆಂದರೆ ಮಣ್ಣೆತ್ತು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಹೆಣ್ಣುಮಕ್ಕಳು ತಾವೇ ಮಣ್ಣು ತಂದು, ತಾವೇ ಮಾಡಿ, ಗುಲಗಂಜಿ ಹಚ್ಚಿ ಸಿಂಗರಿಸಿ ಹಾಡುವ ದೇವತೆ ಆಕೆ. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ. ಭಾದ್ರಪದದಲ್ಲಿ ಗಣಪತಿ, ಅವನ ಹಿಂದೆಯೇ ಹೆಂಗಸರ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರ. ಮಳೆಗಾಲದ ಈ ಮೂರ್ನಾಲ್ಕು ತಿಂಗಳು ದೇವರು ನಮ್ಮ ಕಡೆ ಮಣ್ಣಿನಲ್ಲಿಯೇ ಬರುತ್ತಾನೆ. ಈಗ ಇವುಗಳಲ್ಲಿ ಬಹಳಷ್ಟು ಬಣ್ಣ ಬಳಿದು ಸಂತೆಗೆ ಬರುತ್ತವೆ. ನಾವು ಕೊಂಡು ತಂದು ಪೂಜಿಸಿ ಬಿಡುತ್ತೇವೆ. ಗುಳ್ಳವ್ವನನ್ನು ಕೈಯಾರೆ ಮಾಡಿದ ನೆನಪಿರುವವರು ಇಂದು ಐವತ್ತು, ಅರವತ್ತು ದಾಟಿದ ಹೆಂಗಸರು. ಅವರ ಕೈಗೆ ಮಣ್ಣು ಕೊಡದಿದ್ದರೆ ಮೊಮ್ಮಕ್ಕಳಿಗೆ ಕಲಿಸುವವರು ಯಾರು?

ಭಜನೆಯ ಮಾತಿಗೆ ಬರೋಣ. ಭಜನೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇಸ್ಪೀಟು ಆಡುವವರಿಗೆ ‘ಈ ವಯಸ್ಸಿನಲ್ಲಿ ಭಜನೆ ಮಾಡಿರಿ’ ಎಂದು ಯಾರೂ ಹೇಳಲಿಲ್ಲವಲ್ಲ! ಗಂಡಸು ನಿವೃತ್ತನಾದರೆ ಅವನಿಗೆ ಹೊತ್ತು ಹೋಗಬೇಕು, ಅದಕ್ಕೆ ಸಂಘ ಬೇಕು, ಮೇಜು ಬೇಕು. ಹೆಣ್ಣು ನಿವೃತ್ತಳಾದರೆ ಸೊಸೆಗೆ ಅನುಕೂಲವಾಯಿತು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಆಳು ಸಿಕ್ಕಿತು ಎಂದು ಲೆಕ್ಕ. ಸರಕಾರ ಅರವತ್ತಕ್ಕೆ ಬಿಡುಗಡೆ ಮಾಡುತ್ತದೆ. ಒಲೆ ಮಾತ್ರ ಬಿಡುಗಡೆ ಮಾಡುವುದಿಲ್ಲ. ವಾರದಲ್ಲಿ ನಾಲ್ಕು ತಾಸು ಮನೆಯ ಹೊರಗೆ, ತನಗಾಗಿ, ತನ್ನ ಕೈ ಬಲ್ಲ ಕೆಲಸ ಮಾಡುತ್ತ ಕೂಡುವುದು ಅವಳ ಹಕ್ಕು. 2007ರಲ್ಲಿ ಬಂದ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯ್ದೆ ವೃದ್ಧಾಶ್ರಮಗಳ ಬಗ್ಗೆ ಹೇಳುವಾಗ ವೈದ್ಯಕೀಯ ಆರೈಕೆಯ ಪಕ್ಕದಲ್ಲಿಯೇ ಮನರಂಜನೆಯನ್ನೂ ಇಟ್ಟಿದೆ. ಮುದಿತನಕ್ಕೆ ಮಾತ್ರೆ ಒಂದೇ ಸಾಲದೆಂದು ಕಾಯ್ದೆಗೂ ಗೊತ್ತಾಯಿತು, ನಮ್ಮ ಸಂಘಗಳಿಗೆ ಗೊತ್ತಾಗಲಿಲ್ಲ.

ಅಮೆರಿಕದ ಅರಿಜೋನಾದಲ್ಲಿ 1960ರಲ್ಲಿ ನಿವೃತ್ತರಿಗಾಗಿಯೇ ಸನ್ ಸಿಟಿ ಎಂಬ ಊರು ಕಟ್ಟಿದರು. ಅಲ್ಲಿ ಮುದುಕರು ಮುದುಕಿಯರು ಸೇರಿ ಮಣ್ಣಿನ ಕೆಲಸದ ಕ್ಲಬ್ ನಡೆಸುತ್ತಾರೆ. ಅದು ಹಣವಂತರ ದೇಶ ಎನ್ನುವಿರಾ? ನಮ್ಮದೇ ಮಣಿಪುರದ ಅಂದ್ರೊ ಊರಿನ ಹೆಂಗಸರು ತಿಗರಿಯಿಲ್ಲದೆ ಗಡಿಗೆ ಮಾಡುತ್ತ ಬಂದಿದ್ದಾರೆ. ಅದೇ ರಾಜ್ಯದ ಕುಂಬಾರಗಿತ್ತಿ ನೀಲಮಣಿ ದೇವಿಗೆ 2007ರಲ್ಲಿ ಪದ್ಮಶ್ರೀ ಬಂತು. ಅವರ ಕೈ ಬೇರೆಯೇ, ನಮ್ಮ ಕೈ ಬೇರೆಯೇ?

ಇಷ್ಟು ಹೇಳಿದ ಮೇಲೆ ನಮ್ಮ ಹೆಣ್ಣುಮಕ್ಕಳಿಗೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಆ ಎಂಟು ಜನರಲ್ಲೇ ಒಬ್ಬರು, “ಜಾಗ ಸಿಕ್ಕರ ಪಿಂಚಣಿ ಇದ್ದವರನ್ನಷ್ಟ ತಗೊಳ್ಳೋಣ, ಇಲ್ಲಾಂದ್ರ ಗದ್ದಲ ಆಗ್ತದ” ಎಂದರು. ಇನ್ನೊಬ್ಬರು, “ಕುಂಬಾರರು ಯಾಕ? ಅವರಿಗೆ ಅದು ದಿನದ ಕೆಲಸ, ನಮಗ ಹವ್ಯಾಸ” ಎಂದರು. ಇದೂ ‘ಜಾಗ ಇಲ್ಲ’ ಎಂಬ ಹಳೆಯ ಮಾತೇ. ನಮ್ಮ ಬಾಯಿಂದ ಬಂತೆಂದು ಅದು ಸಿಹಿಯಾಗುವುದಿಲ್ಲ. ಮಣ್ಣು ಅರೆದವಳು, ಸೋಸಿದವಳು, ತುಳಿದವಳು, ತಿಗರಿಯಿಂದ ಇಳಿದ ಗಡಿಗೆಯನ್ನು ತಟ್ಟಿ ದುಂಡಗೆ ಮಾಡಿದವಳು, ಬುಟ್ಟಿಯಲ್ಲಿ ಹೊತ್ತು ಸಂತೆಯಲ್ಲಿ ಮಾರಿದವಳು ಕುಂಬಾರರ ಮನೆಯ ಹೆಣ್ಣುಮಗಳು. ಅವಳಿಗೆ ನಿವೃತ್ತಿಯೂ ಇಲ್ಲ, ಪಿಂಚಣಿಯೂ ಇಲ್ಲ. ಮಣ್ಣಿನ ಸಂಘದಲ್ಲಿ ಅವಳಿಗೇ ಜಾಗ ಇಲ್ಲವೆಂದರೆ ಆ ಸಂಘ ನಮಗೂ ಬೇಡ.

ನಾವಿರುವುದು ಬಸವಣ್ಣ ಹುಟ್ಟಿದ ನೆಲದಲ್ಲಿ. ಕುಂಬಾರ ಗುಂಡಯ್ಯನ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅವನ ಹೆಂಡತಿ ಕೇತಲದೇವಿಯನ್ನು ನೆನೆಯುವವರು ಕಡಿಮೆ. ಹದವಾದ ಮಣ್ಣಿನ ಮಾತೆತ್ತಿ ವಚನ ನುಡಿದವಳು ಆಕೆ. ಆಕೆಗೆ ಅನುಭವಿಗಳ ನಡುವೆ ಜಾಗ ಸಿಕ್ಕಿತು. ಎಂಟುನೂರು ವರ್ಷ ಕಳೆದ ಮೇಲೆ ನಾವು ಸದಸ್ಯತ್ವದ ಪಟ್ಟಿ ಹಿಡಿದು ಜಾತಿ, ಪಿಂಚಣಿ ಕೇಳುತ್ತ ಕೂಡಬೇಕೇ?

ಆದ್ದರಿಂದ ನನ್ನ ಮಾತು ಸ್ಪಷ್ಟ. ಕಲಿಸಲು ಕುಂಬಾರರ ಮನೆಯ ಹಿರಿಯಳನ್ನೇ ಕರೆಯಬೇಕು, ಪುಕ್ಕಟೆ ಅಲ್ಲ, ಸಂಬಳ ಕೊಟ್ಟು. ನಾವು ಮಾಡಿದ ಪಣತಿ, ಎತ್ತುಗಳನ್ನು ಸಂತೆಗೆ ಒಯ್ದು ಅವಳ ವ್ಯಾಪಾರ ಕೆಡಿಸಬಾರದು. ಸುಡಲು ನಮಗೆ ಬೇರೆ ಭಟ್ಟಿ ಬೇಡ. ಅವಳ ಆವಿಗೆಯಲ್ಲಿ ಅವಳ ಗಡಿಗೆಗಳ ಜೊತೆ ಇಟ್ಟು, ಒಂದೊಂದಕ್ಕೆ ಇಷ್ಟೆಂದು ಹಣ ಕೊಡಬೇಕು. ಹೆಚ್ಚು ಜನ ಬಂದರೆ ಯಾರನ್ನೂ ತಿರುಗಿ ಕಳಿಸದೆ ಪಾಳಿ ಹಚ್ಚಬೇಕು: ಮೂರು ತಿಂಗಳು ಒಬ್ಬರು ಕೂತರೆ, ಮುಂದಿನ ಮೂರು ತಿಂಗಳು ಕಾದವರಿಗೆ. ಒಂದು ಊರಿನಲ್ಲಿ ಜಾಗ ಸಿಗದಿದ್ದರೆ ಪಕ್ಕದ ಊರಿನಲ್ಲಿ ಸೇರಬಹುದು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಹಣವಿಲ್ಲ. ಇಂಡಿಯವರು ಸಿಂದಗಿಗೆ, ಬಾಗೇವಾಡಿಯವರು ಮುದ್ದೇಬಿಹಾಳಕ್ಕೆ ಹೋಗಿಬರಲು ಮನಸ್ಸು ಮಾಡಿದರೆ ಸಾಕು.

ಸಂಘದ ಹಿರಿಯರಿಗೆ ಕೊನೆಯದಾಗಿ ಒಂದು ವಿನಂತಿ. ಇಸ್ಪೀಟಿನ ಮೇಜನ್ನು ತೆಗೆಯಿರಿ ಎಂದು ನಾವು ಕೇಳುತ್ತಿಲ್ಲ. ಆ ಮುರುಕು ಕುರ್ಚಿಗಳನ್ನಷ್ಟು ಗುಜರಿಗೆ ಹಾಕಿರಿ. ಆ ಮೂಲೆಯನ್ನು ಕಸಬರಿಗೆ ಹಿಡಿದು ನಾವೇ ಬಳಿದುಕೊಳ್ಳುತ್ತೇವೆ.